ಕಾಲು ನೋಡಿದ್ದೇನೆ, ಸರ್

ಸೆಪ್ಟೆಂಬರ್ 11, ಮಂಗಳವಾರ

ಇವತ್ತಿನಿಂದ ನಾನು ಲೆಫ್ಟಿನೆಂಟ್ ರೈಮೋ ಕಿವೆಲ. ಸೇನೆಯ ಅರೆಕಾಲಿಕ ಮೀಸಲು ಪಡೆಯಲ್ಲಿ ಹದಿನಾರು ವರ್ಷ ಸಿಪಾಯಿ, ಕಾರ್ಪೊರಲ್, ಸಾರ್ಜೆಂಟ್ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ಮೂವತ್ತೊಂಬತ್ತರ ವಯಸ್ಸಿನಲ್ಲಿ ಆಫೀಸರ್ ಆದೆ. ವಾರವೆಲ್ಲ ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿ ಗ್ರೀಸ್ ಮೆತ್ತಿಕೊಂಡಿರುವವನು ಮಂಗಳವಾರ ಸಂಜೆ ಮಾತ್ರ ಜನರಿಂದ ‘ಸರ್’ ಅನ್ನಿಸಿಕೊಳ್ಳಬೇಕು. ಹೊಸ ಆಫೀಸರುಗಳು ದಿನಚರಿ ಇಡಿ, ತಪ್ಪು ಒಪ್ಪು ಬರೆದುಕೊಳ್ಳಿ ಎಂದು ತರಬೇತಿಯಲ್ಲಿ ಹೇಳಿದ್ದರು. ನನ್ನ ಹೆಂಡತಿ ಲೋರ್ನಾ ಈ ಪುಸ್ತಕ ತಂದುಕೊಟ್ಟಳು. ಬರೆಯೋಣ, ಯಾರು ಓದುತ್ತಾರೆ.

ತೋಳಿನ ಮೂರು ಪಟ್ಟಿ ತೆಗೆಸಿ ಹೊಸ ಪದವಿಯ ಗುರುತು ಹಾಕಿದರು. ಕರ್ನಲ್ ಮೇಡಂ ನಾಲ್ಕು ಮಾತಾಡಿದರು. ಎರಡು ವರ್ಷದ ಹಿಂದಿನ ಜನವರಿ ಶಿಬಿರದಲ್ಲಿ ಪ್ಲಟೂನ್ ಕಮಾಂಡರೇ ಎಡವಿದಾಗ, ಹಿಮಕ್ಕೆ ಕಾಲು ಮರಗಟ್ಟಿದ ಹುಡುಗನನ್ನು ಜಾರುಬಂಡಿಗೆ ಕಟ್ಟಿ ಆರು ಕಿಲೋಮೀಟರ್ ಎಳೆದು ತಂದ ಸಾರ್ಜೆಂಟ್ ಇವರು, ಇಂಥವರು ಆಫೀಸರ್ ಆಗದೆ ಇನ್ನಾರು ಆಗಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಲೋರ್ನಾ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ನಾನು ಹೊಸ ಬೂಟನ್ನೇ ನೋಡುತ್ತ ನಿಂತಿದ್ದೆ.

ಆ ಹುಡುಗ ಸಿಪಾಯಿ ಡಾಲ್ಟನ್ ಸ್ಕೀಡ್. ಎಡಗಾಲಿನ ಎರಡು ಬೆರಳು ಹೋದವು. ಕಮಾಂಡರ್ ಆಗಿದ್ದವನು ಲೆಫ್ಟಿನೆಂಟ್ ನೀಲ್ ಫಾಸೆಟ್, ಆಗ ಇಪ್ಪತ್ತಮೂರರ ಪೋರ. ಚಳಿಗಾಲದ ಶಿಬಿರದಲ್ಲಿ ಮಲಗುವ ಮುಂಚೆ ಪ್ರತಿಯೊಬ್ಬನ ಸಾಕ್ಸ್ ಬಿಚ್ಚಿಸಿ, ಬೆರಳು ಮರಗಟ್ಟಿದೆಯೇ ಎಂದು ಕಾಲು ನೋಡುವುದು ಸಾರ್ಜೆಂಟನ ಕೆಲಸ. ಆವತ್ತು ಅದು ಬೇಡವೆಂದು ಫಾಸೆಟ್ ಬಿಟ್ಟುಬಿಟ್ಟ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅವನು ಸೇನೆ ಬಿಟ್ಟು ಹೋದ. ಎಲ್ಲ ಹಳೆಯ ಕಥೆ.

ಸೆಪ್ಟೆಂಬರ್ 18

ಇವತ್ತು ಮಾಡಿದ ಘನಕಾರ್ಯ ಬರೆಯಲೂ ನಾಚಿಕೆ. ಕವಾಯತು ಮುಗಿದ ಮೇಲೆ ಕಾಲು ತಾನಾಗಿ ಸಾರ್ಜೆಂಟುಗಳ ಮೆಸ್ಸಿಗೆ ನಡೆಯಿತು. ಒಂಬತ್ತು ವರ್ಷದ ಅಭ್ಯಾಸ. ಬಾಗಿಲು ತಟ್ಟದೆ ನುಗ್ಗಿ, ಟೋಪಿ ಗೂಟಕ್ಕೆ ಹಾಕಿ, ಬಿಯರ್ ಕೊಡ್ರೋ ಎಂದೆ. ಇಡೀ ಕೋಣೆ ಗಪ್‌ಚುಪ್. ಆಫೀಸರ್ ಆದವನು ಕರೆಯದೆ ಆ ಹೊಸ್ತಿಲು ದಾಟುವಂತಿಲ್ಲ. ಅದಕ್ಕೆಂದೇ ಎರಡು ವಾರದ ಹಿಂದೆ ಅವರೇ ನನಗೆ ಹೆಸರು ಕೆತ್ತಿದ ಮಗ್ ಕೊಟ್ಟು, ಕೈಕಾಲು ಹಿಡಿದು ಹೊತ್ತು, ಆ ಬಾಗಿಲಿನಿಂದ ಹೊರಗೆ ಎಸೆದು, ಹೊಟ್ಟೆ ಹಿಡಿದು ನಕ್ಕಿದ್ದರು.

ಸಾರ್ಜೆಂಟುಗಳಿಗೆಲ್ಲ ಹಿರಿಯನಾದ ವಾರಂಟ್ ಆಫೀಸರ್ ಗಾರ್ತ್ ಮಕಿನನ್ ಎದ್ದು ಬಂದ. ಅವನೂ ನಾನೂ ಒಂದೇ ದಿನ ಸೇರಿದವರು, ನನ್ನ ಮದುವೆಯಲ್ಲಿ ಪಕ್ಕ ನಿಂತವನು ಅವನೇ. "ಯಾರನ್ನಾದ್ರೂ ಹುಡುಕ್ತಾ ಇದೀರಾ, ಸರ್?" ಎಂದು ಕೇಳಿದ. ಒಂದು ಚೂರೂ ಕೊಂಕಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಟೋಪಿ ತೆಗೆದುಕೊಂಡು ಹೊರಬಿದ್ದೆ.

ಆಫೀಸರುಗಳ ಮೆಸ್ಸಿನಲ್ಲಿ ಇಪ್ಪತ್ನಾಲ್ಕರ ಮಕ್ಕಳು ಬಂಡವಾಳ, ಷೇರು ಎಂದು ಮಾತಾಡುತ್ತಿದ್ದರು. ಮೂಲೆಯಲ್ಲಿ ಕೂತು ಕಡಲೆಕಾಯಿ ತಿಂದು ಬಂದೆ.

ಅಕ್ಟೋಬರ್ 9

ನನಗೆ ಕೊಟ್ಟದ್ದು ನಾನು ಸಾರ್ಜೆಂಟ್ ಆಗಿದ್ದ ಅದೇ ಪ್ಲಟೂನ್. ಗಾರ್ತ್ ನನ್ನ ಕೈಕೆಳಗಿನ ವಾರಂಟ್ ಆಫೀಸರ್. ಇವತ್ತು ಒಬ್ಬ ಹುಡುಗನ ಬೆನ್ನುಚೀಲ ಸರಿಯಿಲ್ಲವೆಂದು ನಾನೇ ಕೂಗಾಡಿ, ನಾನೇ ಬಿಚ್ಚಿ, ನಾನೇ ಕಟ್ಟಿಕೊಟ್ಟೆ. ಗಾರ್ತ್ ಪಕ್ಕಕ್ಕೆ ಕರೆದು, "ಸರ್, ಬೈಯೋದು ನನ್ನ ಕೆಲಸ. ನೀವು ನಕ್ಷೆ ನೋಡಿ" ಎಂದ. ಸರಿಯಾಗೇ ಹೇಳಿದ.

ಫಾಸೆಟ್ ಹೀಗೆ ಎಂದೂ ನಮ್ಮ ಕೆಲಸಕ್ಕೆ ಕೈಹಾಕಿದವನಲ್ಲ. ಅವನ ಹೆಸರು ಯಾಕೆ ನೆನಪಾಯಿತೋ.

ನವೆಂಬರ್ 11

ಯುದ್ಧದಲ್ಲಿ ಮಡಿದವರ ಸ್ಮಾರಕದ ಮುಂದೆ ಹೂಮಾಲೆ ಇಟ್ಟೆವು. ಗಾಳಿ ಕಿವಿ ಕತ್ತರಿಸುತ್ತಿತ್ತು. ಜನರ ನಡುವೆ ಫಾಸೆಟ್ ನಿಂತಿದ್ದ. ಹಳೆಯ ಕಂದು ಕೋಟು, ಎದೆಗೆ ಎಲ್ಲರಂತೆ ಮಡಿದವರ ನೆನಪಿನ ಕೆಂಪು ಹೂವು. ನನ್ನನ್ನು ನೋಡಿ ತಲೆಬಾಗಿಸಿದ, ದೊಡ್ಡವರಿಗೆ ಬಾಗಿಸುವ ಹಾಗೆ. ನಾನು ಕೈಗವಸು ಸರಿಮಾಡಿಕೊಳ್ಳುವವನಂತೆ ಕೆಳಗೆ ನೋಡಿದೆ. ತಲೆ ಎತ್ತುವಷ್ಟರಲ್ಲಿ ಇರಲಿಲ್ಲ.

ಅವನಿಗೆ ಎಲ್ಲ ಗೊತ್ತು. ಗೊತ್ತಿದ್ದೂ ತಲೆಬಾಗಿಸಿದನಲ್ಲ, ಅಣಕವೇ ಇರಬೇಕು.

ಡಿಸೆಂಬರ್ 15, ಶನಿವಾರ

ಸಿಪಾಯಿಗಳ ಕ್ರಿಸ್‌ಮಸ್ ಊಟ. ಈ ಒಂದು ದಿನ ಎಲ್ಲ ತಲೆಕೆಳಗು. ಅತಿ ಕಿರಿಯ ಸಿಪಾಯಿ ಕರ್ನಲ್ ಅವರ ಕೋಟು ತೊಟ್ಟು ಕೂರುತ್ತಾನೆ, ಆಫೀಸರುಗಳು ಬಡಿಸಬೇಕು. ನಾನು ಮೊದಲ ಏಳು ವರ್ಷ ಉಣ್ಣುವ ಕಡೆ, ಆಮೇಲೆ ಸಾರ್ಜೆಂಟ್ ಆಗಿ ತಟ್ಟೆ ಎತ್ತುವ ಕಡೆ ಇದ್ದವನು. ಇವತ್ತು ಏಪ್ರನ್ ಕಟ್ಟಿಕೊಂಡು ಟರ್ಕಿ, ಆಲೂಗಡ್ಡೆ ಹೊತ್ತು ತಿರುಗಿದೆ. ಹುಡುಗರು ವಾಡಿಕೆಯಂತೆ ಬನ್ನು ಎಸೆದರು. ಒಂದು ಸೀದಾ ಕಿವಿಗೆ ಬಿತ್ತು. ನಗು ಬಂತು. ತಿಂಗಳುಗಳ ನಂತರ ಇಲ್ಲಿ ನಕ್ಕದ್ದು ಇವತ್ತೇ.

ಕೊನೆಯ ಮೇಜಿನಲ್ಲಿ ಸ್ಕೀಡ್ ಕೂತಿದ್ದ. ಈಗ ಕಚೇರಿಯಲ್ಲಿ ಗುಮಾಸ್ತ. ಶಿಬಿರಕ್ಕೆ ಬರುವಂತಿಲ್ಲ, ಐಸ್ ಮೇಲಿನ ಹಾಕಿ ಆಟವೂ ನಿಂತುಹೋಯಿತು. ಪಕ್ಕದವನು ನನ್ನ ಕಡೆ ಬನ್ನು ಎತ್ತಿದಾಗ ಸ್ಕೀಡ್ ಅವನ ಕೈ ಹಿಡಿದು ಕೂರಿಸಿದ. ನಾನು ತಟ್ಟೆ ಇಟ್ಟೆ.

"ಇವ್ರಿಗೆ ಎಸೀಬೇಡ್ವೋ. ಇವ್ರು ಇರದಿದ್ರೆ ನನ್ ಕಾಲೇ ಇರ್ತಿರ್ಲಿಲ್ಲ" ಎಂದ ಅವನಿಗೆ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮಮ್ಮ ಈಗಲೂ ಪ್ರತಿ ಭಾನುವಾರ ಚರ್ಚಲ್ಲಿ ನಿಮ್ ಹೆಸರು ಹೇಳ್ತಾಳೆ, ಸರ್."

ಫಾಸೆಟ್ ಆಸ್ಪತ್ರೆಗೆ ಬಂದಿದ್ದನಂತೆ. ಮಂಚದ ಪಕ್ಕ ನಿಂತು ಕ್ಷಮೆ ಕೇಳಿ ಅತ್ತನಂತೆ. ಸ್ಕೀಡ್ ಗೋಡೆಯ ಕಡೆ ತಿರುಗಿ ಮಲಗಿದನಂತೆ. ಇದನ್ನೆಲ್ಲ ಹೇಳುತ್ತ ಅವನು ನಾನು ಬಡಿಸಿದ ಆಲೂಗಡ್ಡೆ ತಿಂದ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ.

ಡಿಸೆಂಬರ್ 16

ಬರೆದೇಬಿಡುತ್ತೇನೆ. ಬರೆಯದೆ ಇವತ್ತು ಬೇರೇನೂ ಮಾಡಲಾಗುವುದಿಲ್ಲ.

ಆ ಸಂಜೆ ಮೈನಸ್ ಮೂವತ್ತನಾಲ್ಕು. ಇಡೀ ದಿನ ಜಾರುಬಂಡಿ ಎಳೆದು ಬಂದಿದ್ದೆವು. ಟೆಂಟು ಹಾಕುವಾಗ ಫಾಸೆಟ್ ಬಂದು, ಕಾಲು ನೋಡಿ ಆಮೇಲೆ ಮಲಗಿಸಿ, ಬೆಳಿಗ್ಗೆ ನಾಲ್ಕಕ್ಕೆ ಹೊರಡಬೇಕು ಎಂದ. ಸ್ಟೋವ್ ಹತ್ತುತ್ತಿರಲಿಲ್ಲ, ನನ್ನ ಬೆರಳು ಮರಗಟ್ಟಿದ್ದವು. ನಾನು ಟೆಂಟಿನೊಳಗೆ ತಲೆ ಹಾಕಿ, ಎಲ್ಲರ ಕಾಲೂ ಸರಿಯಿದೆಯೇನ್ರೋ ಎಂದೆ. ಸರಿಯಿದೆ ಎಂದು ಕೂಗಿದರು. ಸ್ಕೀಡ್ ಒದ್ದೆ ಸಾಕ್ಸಿನಲ್ಲೇ ಮಲಗಿದ್ದ. ಫಾಸೆಟ್‌ನ ಟೆಂಟಿನ ಹೊರಗೆ ನಿಂತು, ಬಟ್ಟೆಯ ಗೋಡೆಯ ಈಚೆಯಿಂದಲೇ, "ಕಾಲು ನೋಡಿದ್ದೇನೆ, ಸರ್" ಎಂದೆ. ಒಳಗಿನಿಂದ ಸರಿ ಎಂಬ ದನಿ ಬಂತು.

ಬೆಳಿಗ್ಗೆ ಸ್ಕೀಡ್‌ನ ಬೆರಳು ಮೇಣದ ಬಣ್ಣ. ಎಳೆದು ತಂದೆ, ನಿಜ. ಹುಚ್ಚು ಹಿಡಿದವನ ಹಾಗೆ ಎಳೆದೆ. ಅದು ಧೈರ್ಯವಲ್ಲ, ಭಯ. ವಿಚಾರಣೆಗೆ ಹೇಳಿಕೆ ಬರೆದುಕೊಡಿ ಎಂದಾಗ ಒಂದೇ ಒಂದು ಸಾಲು ಸೇರಿಸಿದೆ. ಎಲ್ಲರೂ ದಣಿದಿದ್ದಾರೆ, ಇವತ್ತು ಕಾಲು ನೋಡುವುದು ಬೇಡ, ಮಲಗಲಿ ಎಂದು ಲೆಫ್ಟಿನೆಂಟ್ ಹೇಳಿದರು ಎಂದು.

ಫಾಸೆಟ್ ಅದಕ್ಕೆ ಎದುರು ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನನ್ನನ್ನು ಉಳಿಸಲೆಂದೇ ತಾನು ತಲೆಯೊಡ್ಡಿದ, ಮನಸ್ಸಿನಲ್ಲಿ ಮಾತ್ರ ಥೂ ಎಂದು ಉಗುಳಿದ ಎಂದುಕೊಂಡಿದ್ದೇನೆ. ಹಾಗೆಂದುಕೊಂಡರೆ ಒಂದು ಅನುಕೂಲ. ಅವನಿಗೆ ನಾನು ಹೇಳುವುದಕ್ಕೇನೂ ಉಳಿದಿಲ್ಲವಲ್ಲ.

ಅವನ ಹೆಗಲ ಪಟ್ಟಿ ನನ್ನ ಹೆಗಲಿಗೆ ಬಂದಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೆಪ್ಟೆಂಬರಿನಿಂದ ಮುಟ್ಟಿಕೊಳ್ಳುತ್ತಲೇ ಇದ್ದೇನೆ.

ಜನವರಿ 8

ಏನೂ ಇಲ್ಲ. ಹನ್ನೊಂದನೇ ನಂಬರ್ ಬಸ್ಸಿನ ಸ್ಟಾರ್ಟರ್ ಬದಲಿಸಿದೆ.

ಜನವರಿ 22

ಫೆಬ್ರುವರಿಯ ಶಿಬಿರಕ್ಕೆ ನಾನೇ ಆಜ್ಞೆ ಬರೆಯಬೇಕು. ಕಾಲು ತಪಾಸಣೆಯ ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. ಲೋರ್ನಾ ಬಂದು, "ಏನಾಗಿದೆ ನಿಂಗೆ? ಬಡ್ತಿ ಸಿಕ್ದಾಗಿಂದ ಮನೇಲಿ ಹೆಣ ಕೂತ ಹಾಗೆ ಕೂತಿರ್ತೀಯ" ಎಂದಳು. ಚಳಿ ಎಂದೆ. ಈ ಊರಲ್ಲಿ ಹುಟ್ಟಿ ಬೆಳೆದವನು ಚಳಿ ಎಂದರೆ ಯಾರು ನಂಬುತ್ತಾರೆ.

ಫೆಬ್ರುವರಿ 10, ಭಾನುವಾರ

ಶಿಬಿರದಿಂದ ಮಧ್ಯಾಹ್ನ ಬಂದೆವು. ಎಲ್ಲರೂ ಸುಖವಾಗಿದ್ದಾರೆ, ಇಪ್ಪತ್ತೇಳು ಜನರ ಇನ್ನೂರ ಎಪ್ಪತ್ತು ಬೆರಳೂ ಇವೆ. ಅದನ್ನು ಮೊದಲು ಬರೆದುಬಿಡುತ್ತೇನೆ.

ನಿನ್ನೆ ಸಂಜೆ ಐದೂವರೆಗೆ ಕತ್ತಲಾಗಿತ್ತು, ಮೈನಸ್ ಮೂವತ್ತೊಂದು. ಪ್ಲಟೂನಿನೊಳಗಿನ ನನ್ನ ಹಳೆಯ ತಂಡ ಈಗ ಸಾರ್ಜೆಂಟ್ ಪೇಜ್ ಹೋರ್ವತ್ ಕೈಯಲ್ಲಿದೆ. ಇಪ್ಪತ್ತಾರರ ಹುಡುಗಿ, ಕೆಲಸದಲ್ಲಿ ಚುರುಕು. ನನ್ನ ಟೆಂಟಿನ ಬಾಗಿಲಿಗೆ ಬಂದು, ಕಾಲು ನೋಡಿ ಆಯ್ತು ಸರ್ ಎಂದಳು. ನಾನು ಸರಿ ಎನ್ನಲು ಬಾಯಿ ತೆರೆದೆ.

"ಸಾಕ್ಸ್ ಬಿಚ್ಚಿಸಿ ನೋಡಿದ್ರಾ, ಕೇಳಿದ್ರಾ?" ಎಂದೆ.

ಅವಳ ಮುಖ ಕೆಂಪಾಯಿತು. ಒಂದು ಗಳಿಗೆ, ಅಷ್ಟೇ. "ಕೇಳಿದೆ ಸರ್. ನೋಡಿಲ್ಲ. ತಪ್ಪಾಯ್ತು" ಎಂದಳು.

ಎರಡು ವರ್ಷದಲ್ಲಿ ನನ್ನ ಬಾಯಿಂದ ಹೊರಡದ ಮಾತು ಅವಳ ಬಾಯಿಂದ ಒಂದು ಉಸಿರಿನಲ್ಲಿ ಬಂತು. ನಾನು ಬೈಯಲಿಲ್ಲ, ಯಾವ ಮುಖದಲ್ಲಿ ಬೈಯಲಿ. ಇಬ್ಬರೂ ಹೋದೆವು. ಟೆಂಟಿನೊಳಗೆ ಒಬ್ಬೊಬ್ಬರದೂ ಬಿಚ್ಚಿಸಿದೆವು. ಆರನೆಯವನ ಹೆಬ್ಬೆರಳು ಬೆಳ್ಳಗಿತ್ತು. ಹೋರ್ವತ್ ತನ್ನ ಅಂಗಿ ಎತ್ತಿ ಅವನ ಪಾದವನ್ನು ಹೊಟ್ಟೆಗೆ ಒತ್ತಿಕೊಂಡು ಕೂತಳು. ಹುಡುಗರು ಏನೋ ಚೇಷ್ಟೆ ಮಾಡಿದರು, ಅವಳು ತಿರುಗಿ ನೋಡಿದ ಕೂಡಲೇ ಸುಮ್ಮನಾದರು. ಇಪ್ಪತ್ತು ನಿಮಿಷಕ್ಕೆ ಬಣ್ಣ ಬಂತು, ನೋವು ಶುರುವಾಗಿ ಹುಡುಗ ಅತ್ತ. ನೋವಾದರೆ ಬದುಕಿದೆ ಎಂದರ್ಥ.

ಹೊರಗೆ ಬಂದ ಮೇಲೆ ಹೋರ್ವತ್, ಇದು ನನ್ನ ದಾಖಲೆಗೆ ಹೋಗುತ್ತದೆಯೇ ಸರ್ ಎಂದು ಕೇಳಿದಳು. ನಿಜ ಹೇಳಿದಿರಿ, ಅದೂ ಹೋಗುತ್ತದೆ, ಪ್ಲಟೂನ್ ನನ್ನದು, ನಾನು ಮೊದಲೇ ನೋಡಬೇಕಿತ್ತು ಎಂದೆ. ಥ್ಯಾಂಕ್ಸ್ ಸರ್ ಎಂದಳು. ಆ ಥ್ಯಾಂಕ್ಸ್ ಹೊತ್ತುಕೊಂಡು ಮನೆಗೆ ಬರುವಷ್ಟರಲ್ಲಿ ಸಾಕುಸಾಕಾಯಿತು.

ಬಂದ ಮೇಲೆ ಹಿತ್ತಲಿನ ಸೌನಾದಲ್ಲಿ, ಆ ಹಬೆಸ್ನಾನದ ಕೋಣೆಯಲ್ಲಿ, ಲೋರ್ನಾಳ ಪಕ್ಕ ಕೂತು ಎಲ್ಲ ಹೇಳಿದೆ. ಅಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಅಲ್ಲಿ ಹೇಳಿದೆ. ಅವಳು ಕಾದ ಕಲ್ಲಿಗೆ ನೀರು ಹಾಕುವುದನ್ನು ನಿಲ್ಲಿಸಿದಳು.

"ಅವತ್ತು ನಾನು ಹೆಂಗೆ ಚಪ್ಪಾಳೆ ತಟ್ಟಿದ್ದೆ" ಎಂದಳು. ಆಮೇಲೆ, "ನನಗ್ ಹೇಳಿ ಏನ್ ಬಂತು ರೈಮೋ? ಬೆರಳು ಹೋಗಿದ್ದು ನಂದಾ? ಕೆಲ್ಸ ಹೋಗಿದ್ದು ನಂದಾ?"

ಫೆಬ್ರುವರಿ 12, ಮಂಗಳವಾರ

ನಡೆದದ್ದನ್ನೆಲ್ಲ ಬರೆದು ಕರ್ನಲ್ ಮೇಡಂಗೆ ಪತ್ರ ಕೊಟ್ಟೆ. ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ವಿಚಾರಣೆ ಆಗುತ್ತದೆ, ಅಲ್ಲಿಯವರೆಗೆ ಪ್ಲಟೂನ್ ನಿಮ್ಮದಲ್ಲ, ಪದವಿ ಉಳಿಯುವುದು ಕಷ್ಟ ಎಂದರು. ನಾನು ಹಿಂದೆ ಎಲ್ಲರೆದುರು ನಿಮ್ಮನ್ನು ಹಾಗೆ ಹೊಗಳಿದೆನಲ್ಲ, ಅದನ್ನು ಏನು ಮಾಡಲಿ ಎಂದು ಮಾತ್ರ ಮೆಲ್ಲಗೆ ಕೇಳಿದರು.

ಗಾರ್ತ್ ವಾಹನಗಳ ಶೆಡ್ಡಿನಲ್ಲಿದ್ದ. ಹೇಳಿದೆ. ಅವನು ಸುತ್ತ ಯಾರಿದ್ದಾರೆಂದೂ ನೋಡಲಿಲ್ಲ. "ಹೊಸ ಆಫೀಸರ್ ಬಂದ್ರೆ ನಾವು ಮೊದಲು ಏನ್ ಹೇಳ್ಕೊಡ್ತೀವೋ? ನಿಂಗೆ ಗೊತ್ತಾಗ್ದೇ ಇದ್ರೆ ಸಾರ್ಜೆಂಟ್ ಮಾತು ನಂಬು ಅಂತ. ಅದನ್ನೇ ಮಾರ್ಕೊಂಡ್ಯಲ್ಲೋ ರೈಮೋ." ಐದು ತಿಂಗಳ ನಂತರ ನನ್ನ ಹೆಸರು ಹಿಡಿದು ಕರೆದ. ಹೀಗೆ ಕರೆಸಿಕೊಳ್ಳುತ್ತೇನೆಂದು ಎಣಿಸಿರಲಿಲ್ಲ.

ಸ್ಕೀಡ್ ಕಚೇರಿಯಲ್ಲಿ ರಜೆಯ ಅರ್ಜಿಗಳನ್ನು ಜೋಡಿಸುತ್ತಿದ್ದ. ನನ್ನನ್ನು ಕಂಡು ಎದ್ದ. ಕೂರು ಎಂದೆ. ನಿಂತುಕೊಂಡೇ ಹೇಳಿದೆ, ಸುತ್ತಿಬಳಸದೆ. ಅವನು ಅರ್ಜಿಗಳ ಅಂಚನ್ನು ಮೇಜಿಗೆ ಬಡಿದು ಸಮ ಮಾಡಿದ. ಮತ್ತೆ ಮಾಡಿದ.

"ನಮ್ಮಮ್ಮನಿಗೆ ಯಾರು ಹೇಳ್ಬೇಕು?"

ನಾನೇ ಬಂದು ಹೇಳುತ್ತೇನೆ ಎಂದೆ.

"ಬೇಡ. ನೀವು ನಮ್ಮನೆಗೆ ಬರ್ಬೇಡಿ."

ಸರ್ ಎನ್ನಲಿಲ್ಲ. ನಾನು ಹೊರಟಾಗ ಏಳಲೂ ಇಲ್ಲ. ಸರಿಯಾಗೇ ಮಾಡಿದ.

ಫೆಬ್ರುವರಿ 14

"ಇನ್ನೊಬ್ಬ ಉಳ್ದಿದಾನಲ್ಲ" ಎಂದಳು ಲೋರ್ನಾ. ಫಾಸೆಟ್ ಅವರಿಗೆ ಎಲ್ಲ ಗೊತ್ತಿರುವುದೇ, ಹೋಗಿ ಬೈಸಿಕೊಂಡು ಬರಬೇಕು ಅಷ್ಟೆ ಎಂದೆ. "ಹಾಗಾದ್ರೆ ಬೈಸ್ಕೊಂಡ್ ಬಾ" ಎಂದಳು.

ಫೆಬ್ರುವರಿ 16, ಶನಿವಾರ

ಫಾಸೆಟ್ ಅವರು ಊರಾಚೆಯ ಐಸ್ ಹಾಕಿ ಆಟದ ಅಂಗಳದಲ್ಲಿ ಕೆಲಸಕ್ಕಿದ್ದಾರೆ. ಆಟ ಮುಗಿದ ಮೇಲೆ ಐಸ್ ನಯ ಮಾಡುವ ದೊಡ್ಡ ಯಂತ್ರ ಓಡಿಸುತ್ತಾರೆ. ಹೋದಾಗ ಅಂಗಳ ಸುತ್ತುತ್ತಿದ್ದರು. ಬೇಲಿಯ ಹತ್ತಿರ ನಿಂತು ಕಾದೆ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಬಂದಿದ್ದೆ. ಅವರು ಯಂತ್ರ ನಿಲ್ಲಿಸಿ ಇಳಿದು ಬಂದು, ಕೈಗವಸು ತೆಗೆದು ಕೈ ಚಾಚಿದರು.

"ಸಾರ್ಜೆಂಟ್. ಅಲ್ಲ, ಲೆಫ್ಟಿನೆಂಟ್ ಆದ್ರಂತಲ್ಲ, ಪೇಪರಲ್ಲಿ ನೋಡ್ದೆ. ಖುಷಿಯಾಯ್ತು. ನಿಮ್ಮಂಥೋರು ಆಗ್ಬೇಕು" ಎಂದರು. ಅಣಕವಿರಲಿಲ್ಲ. ಮುಖ ಹುಡುಕಿ ಹುಡುಕಿ ನೋಡಿದೆ, ಎಲ್ಲೂ ಇರಲಿಲ್ಲ. ಆಮೇಲೆ ಅವರೇ ಕೇಳಿದರು, "ಸ್ಕೀಡ್ ಹೆಂಗಿದಾನೆ? ನಡೀತಾನಾ ಸರಿಯಾಗಿ? ಅವತ್ತು ನಾನ್ ಯಾಕೆ ಹಾಗ್ ಹೇಳಿದ್ನೋ, ಇವತ್ತಿಗೂ ತಿಳೀತಿಲ್ಲ."

ನನಗೆ ಅರ್ಥವಾಗಲಿಲ್ಲ. ಹೇಗೆ ಹೇಳಿದಿರಿ ಎಂದೆ.

"ಕಾಲು ನೋಡೋದು ಬೇಡ, ಮಲಗ್ಲಿ ಅಂತ." ಅವರು ಐಸ್ ಕಡೆ ನೋಡುತ್ತಿದ್ದರು. "ನನ್ ನೆನಪಲ್ಲಿ ಬೇರೆ ಥರ ಇದೆ. ನೋಡಿ ಅಂತ ನಾನ್ ಹೇಳ್ದ ಹಾಗೆ, ನೋಡಿದ್ದೇನೆ ಅಂತ ನೀವು ಹೊರಗಿಂದ ಹೇಳ್ದ ಹಾಗೆ. ಆದ್ರೆ ನಾನು ಎರಡು ದಿನ ನಿದ್ದೆ ಮಾಡಿರ್ಲಿಲ್ಲ. ನಿಮ್ ಹೇಳಿಕೆ ಓದಿಸಿದ್ರು. ಹದಿನಾಲ್ಕು ವರ್ಷ ಸೇವೆ ಮಾಡಿರೋ ಸಾರ್ಜೆಂಟ್ ಹಾಗ್ ಬರ್ದಿದ್ರೆ ಹಾಗೇ ಆಗಿರ್ಬೇಕು, ನಾನ್ ಕನಸು ಕಂಡಿರ್ಬೇಕು ಅಂದ್ಕೊಂಡೆ."

ಇವರು ನನ್ನನ್ನು ಉಳಿಸಿರಲಿಲ್ಲ. ನನ್ನನ್ನು ನಂಬಿದ್ದರು. ತಮ್ಮ ಕಿವಿ, ತಮ್ಮ ಬಾಯಿ ಎರಡನ್ನೂ ಬಿಟ್ಟು ನನ್ನ ಒಂದು ಸಾಲನ್ನು ನಂಬಿ, ಆಸ್ಪತ್ರೆಗೆ ಹೋಗಿ ಮಾಡದ ತಪ್ಪಿಗೆ ಅತ್ತು ಬಂದಿದ್ದರು. ನಾನು ಈ ಎರಡು ವರ್ಷ ಪಟ್ಟ ನಾಚಿಕೆ ನಾಚಿಕೆಯೇ ಅಲ್ಲ ಎಂದು ಅಲ್ಲಿ ನಿಂತಾಗ ತಿಳಿಯಿತು.

"ನಿಮ್ ನೆನಪೇ ಸರಿ, ಸರ್" ಎಂದೆ. "ನೀವು ಹೇಳಿದ್ರಿ. ನಾನು ನೋಡ್ಲಿಲ್ಲ. ನೋಡಿದೀನಿ ಅಂತ ಸುಳ್ಳು ಹೇಳ್ದೆ. ಆಮೇಲೆ ಸುಳ್ಳು ಬರ್ದೆ."

ಅವರು ಬೇಲಿ ಹಿಡಿದುಕೊಂಡರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದರೆ ಒಳ್ಳೆಯದು ಎಂದುಕೊಂಡೆ.

"ನಾನೇನಂದೆ? ಇದ್ದ ಹಾಗೆ ಹೇಳಿ."

"ಕಾಲು ನೋಡಿ ಆಮೇಲೆ ಮಲಗಿಸಿ, ಸಾರ್ಜೆಂಟ್, ನಾಲ್ಕಕ್ಕೆ ಹೊರಡ್ಬೇಕು, ಅಂದ್ರಿ."

"ಇನ್ನೊಂದ್ಸಲ."

ಇನ್ನೊಂದು ಸಲ ಹೇಳಿದೆ. ಅವರ ತುಟಿ ನನ್ನ ಜೊತೆಯೇ ಅಲುಗುತ್ತಿತ್ತು. ಕರ್ನಲ್ ಅವರಿಗೆ ಬರೆದುಕೊಟ್ಟಿದ್ದೇನೆ, ಸ್ಕೀಡ್‌ಗೂ ಹೇಳಿದ್ದೇನೆ ಎಂದೆ. ಕೇಳಿಸಿಕೊಂಡರೋ ಇಲ್ಲವೋ. ಆಟಗಾರರು ಕೂರುವ ಬೆಂಚಿನ ಮೇಲೆ ಕೂತು ಫೋನ್ ತೆಗೆದರು.

"ಅಪ್ಪಾ" ಎಂದರು. "ನಾನು ಹೇಳಿದ್ದೆ, ಅಪ್ಪಾ. ಅವತ್ತು ನಾನು ಹೇಳಿದ್ದೆ."

ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಅಳುತ್ತಿದ್ದರು. ಹೊರಡಲೋ ಬೇಡವೋ ತಿಳಿಯದೆ ನಾನು ಟೋಪಿ ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಿದ್ದೆ. ಬಹಳ ಹೊತ್ತಾದ ಮೇಲೆ ತಲೆ ಎತ್ತಿ, ಇನ್ನು ಹೋಗಿ ಎಂದರು. ಆಗ ಹೊರಟೆ.